ಗೆದ್ದವರ ಕುರಿ, ಸೋತವರ ದೊಡ್ಡಿ

2024ರ ದೀಪಾವಳಿ ಪಾಡ್ಯದಂದು ‘ಎಂಟು ದೊಡ್ಡಿ’ ಎಂಬ ಮೊಬೈಲ್ ಆಟ ಸಾರ್ವಜನಿಕರಿಗೆ ತೆರೆಯಿತು. ಅದನ್ನು ಮಾಡಿದ್ದು ನಿಪ್ಪಾಣಿಯ ಚಿಕ್ಕೋಡಿ ರಸ್ತೆಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ನಮ್ಮ ಕಚೇರಿ. ಮೊದಲ ವಾರ ಮುಗಿಯುವಷ್ಟರಲ್ಲಿ ಕಂಡ ಸಂಗತಿ ಇಷ್ಟು: ಮೊದಲ ಕಾಳಗದಲ್ಲಿ ಸೋತವರಲ್ಲಿ ಹೆಚ್ಚಿನವರು ಎರಡನೆಯ ಸಲ ಆಟ ತೆರೆಯಲಿಲ್ಲ. ಆಟಕ್ಕೆ ಹಣ ಹಾಕಿದ್ದ ಪುಣೆಯ ಪಬ್ಲಿಷರ್ ಕಂಪನಿ ಯುಗಾದಿಯವರೆಗೆ ಗಡುವು ಕೊಟ್ಟಿತು. ಅಷ್ಟರೊಳಗೆ ಸೋತವರು ಮರಳಿ ಬರುವಂತಾಗದಿದ್ದರೆ ಸರ್ವರ್ ನಿಲ್ಲಿಸುವುದಾಗಿ ತಿಳಿಸಿತು. ಹಿಂದಿನ ಎರಡು ಸಣ್ಣ ಆಟಗಳು ಆಗಲೇ ಮುಗಿದುಹೋಗಿದ್ದವು. ಈ ಸರ್ವರ್ ನಿಂತರೆ ಕಚೇರಿಯೂ ನಿಲ್ಲುತ್ತಿತ್ತು.

ಆ ಆಟದ ಸಮತೋಲನ ನೋಡುವ ಕೆಲಸ ನನ್ನದು. ಅರವತ್ತು ತುಂಬಿ ನಾನು ಹೊರಬಂದ ಮೇಲೆ, ಇಂಥ ಕೆಲಸಕ್ಕೆ ಹೋಗಬೇಕೆನ್ನುವ ಈ ಭಾಗದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ: ದಿನವಿಡೀ ಆಟ ಆಡುವುದೇ ಏನ್ರಿ ಕೆಲಸ? ಅಲ್ಲ. ಆಡುವವರನ್ನು ನೋಡುವುದು ಕೆಲಸ. ಆ ನೋಟದಲ್ಲಿ ಏನೇನು ತಪ್ಪಿತು ಎನ್ನುವುದನ್ನು ಬರೆದಿಟ್ಟರೆ ಅವರಿಗೆ ಉಪಯೋಗವಾದೀತು.

ಇದಕ್ಕೂ ಮೊದಲು ನಾನು ಬೆಳಗಾವಿಯಲ್ಲಿ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ವರದಿಗಾರರು ಕಳಿಸಿದ್ದನ್ನು ತಿದ್ದುವುದು, ಬಿಟ್ಟದ್ದನ್ನು ಫೋನ್ ಮಾಡಿ ಕೇಳುವುದು. ಜಗಳವಾಯಿತು ಎಂದು ಸುದ್ದಿ ಬಂದರೆ ಆಮೇಲೇನಾಯಿತು ಎಂದು ಕೇಳಬೇಕು. ಕೇಳದಿದ್ದರೆ ಮರುದಿನ ಓದುಗರು ಕೇಳುತ್ತಾರೆ. ನಿಪ್ಪಾಣಿಯ ಕಚೇರಿ ನಡೆಸುತ್ತಿದ್ದ ಮಹಾಂತೇಶ ನನ್ನನ್ನು ಕರೆದದ್ದು ತಮ್ಮ ಮೊದಲ ಸಣ್ಣ ಆಟದ ನಿಯಮಗಳನ್ನು ಕನ್ನಡ, ಮರಾಠಿ ಎರಡರಲ್ಲೂ ತಿಳಿಯುವಂತೆ ಬರೆಯಲು. ಅವರು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯವರು, ಪುಣೆಯ ಆಟದ ಕಂಪನಿಯೊಂದರಲ್ಲಿ ಕೆಲಸ ಕಲಿತು ನಿಪ್ಪಾಣಿಗೆ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಹುದ್ದೆಯಲ್ಲಿ ಮೇಲಿನವರು. ‘ಗೆದ್ದವರಿಗೆ ಸೋತವರ ಹತ್ತು ಕುರಿ ಸೇರುತ್ತವೆ’ ಎಂಬ ನಿಯಮ ಬರೆಯುವಾಗ ನಾನು ಹಳೆಯ ಅಭ್ಯಾಸದಂತೆ, ಆಮೇಲೇನಾಗುತ್ತದೆ ಎಂದು ಕೇಳಿದೆ.

ಮಹಾಂತೇಶ, “ಅಕ್ಕಾರ, ಅದನ್ನ ನೀವ ನೋಡಿ ಹೇಳ್ರಿ,” ಎಂದರು. ನನ್ನ ಕೆಲಸ ಬದಲಾದದ್ದು ಹೀಗೆ.

ಆಮೇಲೇನಾಗುತ್ತದೆ ಎಂದರೆ ಇದು. ರಾತ್ರಿ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆ. ಗೊಬ್ಬರದಿಂದ ಬೆಳೆ. ಬೆಳೆ ಹೆಚ್ಚಿದರೆ ಆಳು ಹೆಚ್ಚು, ಆಳು ಹೆಚ್ಚಿದರೆ ಮುಂದಿನ ಕಾಳಗ ಸುಲಭ, ಅದನ್ನು ಗೆದ್ದರೆ ಇನ್ನೂ ಹತ್ತು ಕುರಿ. ಮೊದಲ ಗೆಲುವು ಕೂದಲೆಳೆಯಷ್ಟು ಅಂತರದ್ದಾದರೂ ಐದಾರು ಪಾಳಿ ಕಳೆಯುವಷ್ಟರಲ್ಲಿ ಒಬ್ಬರು ಗುಡ್ಡದಷ್ಟು ಎತ್ತರ, ಉಳಿದವರು ಕಾಲಡಿ. ಪುಸ್ತಕಗಳಲ್ಲಿ ಇದಕ್ಕೆ ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯ ಹೆಸರಿದೆ. ನಮ್ಮಲ್ಲಿ ಯಾರೂ ಹಿಮ ಕಂಡವರಲ್ಲ. ಆಟ ಆಡಿ ಪರೀಕ್ಷಿಸುವ ಟೆಸ್ಟರ್ ಬೀರಪ್ಪ ಅದನ್ನು ‘ಮರಿ ಹಾಕೂದು’ ಎಂದ. ಗೆಲುವು ಮರಿ ಹಾಕುತ್ತದೆ, ಮರಿ ಮತ್ತೆ ಮರಿ ಹಾಕುತ್ತದೆ. ಬೀರಪ್ಪ ರಾಯಬಾಗ ಕಡೆಯ ಕುರಿ ಸಾಕುವ ಮನೆಯವನು, ಬಿ.ಕಾಂ. ಮುಗಿಸಿ ಬಂದವನು. ಕಚೇರಿಯಲ್ಲಿ ಅವನ ಮಾತೇ ನಿಂತಿತು.

ಮರಿ ಹಾಕುವುದನ್ನೇ ನಿಲ್ಲಿಸಿಬಿಡಿ ಎಂದು ಹೊಸಬರು ಹೇಳುತ್ತಾರೆ. ಆಗುವುದಿಲ್ಲ. ಗೆದ್ದದ್ದು ಮುಂದಿನ ಪಾಳಿಯಲ್ಲಿ ಕಾಣಿಸದಿದ್ದರೆ ಗೆಲ್ಲುವುದು ಯಾತಕ್ಕೆ? ಎಷ್ಟು ಮರಿ ಎಂಬುದನ್ನು ಹಿಡಿಯುವುದೇ ಕೆಲಸ.

ನಾವು ಮೊದಲು ಹಿಡಿದ ದಾರಿ ಎಲ್ಲರೂ ಹಿಡಿಯುವಂಥದ್ದು: ಮುಂದೆ ಹೋದವರ ಮೇಲೆ ಭಾರ ಹೇರುವುದು. ಆ ಮೊದಲ ಸಣ್ಣ ಆಟದಲ್ಲಿ ಮೊದಲ ಸ್ಥಾನದಲ್ಲಿರುವವರ ಬೆಳೆಯಲ್ಲಿ ನಾಲ್ಕನೆಯ ಒಂದು ಭಾಗ ಪ್ರತಿ ಪಾಳಿಯೂ ಕಡಿತವಾಗುತ್ತಿತ್ತು. ಲೆಕ್ಕದಲ್ಲಿ ಅದು ಸೊಗಸಾಗಿ ಕಂಡಿತು. ಒಂದು ವಾರ ಕಳೆದ ಮೇಲೆ ಇನ್ನೊಬ್ಬ ಟೆಸ್ಟರ್ ಸವಿತಾ ಸತತವಾಗಿ ಗೆಲ್ಲತೊಡಗಿದಳು. ಬೇಡಕಿಹಾಳದ ಕಬ್ಬಿನ ಮನೆಯ ಹುಡುಗಿ, ಮಾತು ಚುರುಕು. ಅವಳ ಆಟ ನೋಡಿದೆ. ಕೊನೆಯ ಪಾಳಿಯವರೆಗೂ ಅವಳು ಎರಡನೆಯ ಸ್ಥಾನ ಬಿಟ್ಟು ಕದಲುತ್ತಿರಲಿಲ್ಲ. ಧಾನ್ಯ ಹೆಚ್ಚಾದರೆ ಹಳ್ಳಕ್ಕೆ ಸುರಿಯುತ್ತಿದ್ದಳು.

“ಸವಿತಾ, ಮುಂದ ಹೋಗಾಕ ಬರ್ತಿದ್ರೂ ಯಾಕ ನಿಂತಿ?” ಎಂದೆ.

“ಮುಂದ ಹೋದವ್ರ ಬೆನ್ನ ಮ್ಯಾಲ ಕಲ್ಲ ಹೇರತೀರಿ ನೀವು. ಯಾರರೆ ಹೋಗ್ತಾರೇನ್ರಿ ಅಕ್ಕಾರ? ಬೀರಣ್ಣ ಹೋಗ್ಲಿ ಅಂತ ದಾರಿ ಬಿಟ್ಟೇನಿ.”

“ನೋಡ್ರಿ, ನನ್ನ ಮುಂದ ಬಿಟ್ಟ ಹಿಂದಿಂದ ನಗಾಕತ್ತಾಳ,” ಎಂದ ಬೀರಪ್ಪ.

ಎಲ್ಲರೂ ಎರಡನೆಯವರಾಗಲು ಹೆಣಗುವ ಆಟ ನೋಡಲು ವಿಚಿತ್ರವಾಗಿರುತ್ತದೆ. ಎಂಟು ಜನ ಬಾಗಿಲ ಬಳಿ ನಿಂತು ಒಬ್ಬರಿಗೊಬ್ಬರು “ನೀವ ನಡೀರಿ ಮೊದಲ” ಎನ್ನುವಂತೆ. ಆ ಕಡಿತವನ್ನು ತೆಗೆದೆವು.

ಎರಡನೆಯ ಆಟದಲ್ಲಿ ತಿರುಗಿಸಿ ಮಾಡಿದೆವು. ಸೋತವರಿಗೆ ಮರುದಿನ ಬೆಳಿಗ್ಗೆ ಮೂರು ಗಾಡಿ ಜೋಳ ತಾನಾಗಿ ಬರುತ್ತಿತ್ತು. ಜೋಳಕ್ಕಾಗಿ ಬೇಕೆಂದೇ ಸೋಲುವವರು ಹುಟ್ಟಿಕೊಂಡರು. ಅದನ್ನು ನಾವು ಊಹಿಸಿದ್ದೆವು. ಊಹಿಸದೇ ಇದ್ದದ್ದು ಕಾಗವಾಡದ ಒಬ್ಬ ಆಟಗಾರರ ಫೋನ್. ಔಷಧ ಅಂಗಡಿ ಇಟ್ಟವರು, ನಡುವಯಸ್ಸು ದಾಟಿದ ಧ್ವನಿ.

“ಯಾರ್ರಿ ಈ ಜ್ವಾಳಾ ಕಳಸೂದು?”

ಸೋತವರಿಗೆ ಆಟದ ಕಡೆಯಿಂದ ಬರುತ್ತದೆ ಎಂದು ಹೇಳಿದೆ.

“ನಾ ಕೇಳಿದ್ನೇನ್ರಿ ನಿಮಗ? ಸೋತೇನಿ, ಖರೆ. ನಾಳಿಗ ನನ್ನ ತಾಕತ್ತಿನ್ಯಾಗ ಏಳತಿದ್ದೆ. ಈಗ ಎದ್ರೂ ನಿಮ್ಮ ಜ್ವಾಳದಿಂದ ಎದ್ದಾಂಗ ಆತು. ನಮ್ಮ ಹುಡುಗರು ನಗತಾವ್ರಿ ಮನ್ಯಾಗ.”

ಅವರು ಆಟ ಅಳಿಸಿ ಹಾಕಿದರು. ಆಮೇಲೆ ನಾನು ಗಮನಿಸಿದ ಹಾಗೆ, ಮೇಲಿನಿಂದ ಬಿದ್ದ ಸಹಾಯವನ್ನು ಆಟಗಾರರು ತಮ್ಮದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಿಂದ ಗೆದ್ದರೆ ಸಂತೋಷ ಕಡಿಮೆ, ಎದುರಾಳಿಗೆ ಸಿಟ್ಟು ಹೆಚ್ಚು.

ಈ ಎರಡು ಪಾಠದ ಮೇಲೆ ‘ಎಂಟು ದೊಡ್ಡಿ’ ಕಟ್ಟಿದೆವು. ಎಂಟು ಆಟಗಾರರು, ಒಬ್ಬೊಬ್ಬರಿಗೆ ಒಂದು ಹಳ್ಳಿ, ಒಂದು ಕುರಿದೊಡ್ಡಿ, ಒಂದು ಬಾವಿ, ಹೊಲ, ಮೇವಿನ ಬಣಿವೆ. ಎಂಟು ದೊಡ್ಡಿಯನ್ನೂ ತನ್ನದಾಗಿಸಿಕೊಂಡರೆ, ಇಲ್ಲವೇ ಸುಗ್ಗಿಯ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಬೆಳೆದರೆ ಗೆಲುವು. ಭಾರವೂ ಇಲ್ಲ, ದಾನವೂ ಇಲ್ಲ. ತಿಂಗಳುಗಟ್ಟಲೆ ಪರೀಕ್ಷಿಸಿದೆವು. ಸೋತವರು ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದರು, ಕೆಲವೊಮ್ಮೆ ಕೊನೆಗೆ ಗೆಲ್ಲುತ್ತಲೂ ಇದ್ದರು. ಹೊರಗಿನವರ ಕೈಯಲ್ಲೂ ಆಡಿಸಿದೆವು. ಹೊರಗಿನವರೆಂದರೆ ಅಥಣಿ, ರಾಯಬಾಗ, ಕಾಗವಾಡಗಳಲ್ಲಿದ್ದ ನಮ್ಮ ಟೆಸ್ಟರ್‌ಗಳ ಅತ್ತೆ ಮಾವಂದಿರ ಮಕ್ಕಳು. ಅಲ್ಲೂ ಅದೇ ಫಲ. ಮನುಷ್ಯರ ಬದಲು ಆಡುವ ಪ್ರೋಗ್ರಾಂಗಳಿಗೆ ಬಾಟ್ ಎನ್ನುತ್ತಾರೆ; ಅವುಗಳ ಕೈಯಲ್ಲಿ ಸಾವಿರಾರು ಪಂದ್ಯ ಓಡಿಸಿದೆವು. ಅಲ್ಲೂ ಅದೇ. ಪಬ್ಲಿಷರ್ ಕಂಪನಿಯ ಮುಖ್ಯಸ್ಥೆ ಅನಘಾ ಮೇಡಂ ಪುಣೆಯಿಂದ ಬಂದು ನೋಡಿ ಒಪ್ಪಿದರು.

ಪಾಡ್ಯದ ದಿನ ಆಟ ತೆರೆದಾಗ ನಾವೆಲ್ಲ ಕಚೇರಿಯಲ್ಲೇ ಇದ್ದೆವು. ಸವಿತಾ ಸೂರತ್‌ನ ಒಬ್ಬ ಆಟಗಾರನ ಪಂದ್ಯ ತೆರೆದು ನೋಡುತ್ತಿದ್ದಳು.

“ಅಕ್ಕಾರ, ಇಲ್ಲಿ ಬರ್ರಿ. ಇಂವಾ ಸೀದಾ ಬಾವಿಗೇ ಹೊಂಟಾನ.”

“ಯಾರ ಬಾವಿಗೆ?”

“ಬಾಜೂದವ್ರದು. ಇನ್ನಾ ಒಂದ ಕುರಿನೂ ಹಿಡದಿಲ್ಲ.”

ಪಕ್ಕದ ಹಳ್ಳಿಯ ಬಾವಿ ಹಿಡಿಯಬಹುದು ಎಂಬ ನಿಯಮ ಆಟದಲ್ಲಿತ್ತು. ಹಿಡಿದರೆ ಆ ಹಳ್ಳಿಯ ಹೊಲ ಒಣಗುತ್ತದೆ, ಕುರಿ ಸಾಯುತ್ತವೆ, ಆಳು ಊರು ಬಿಡುತ್ತಾರೆ. ಸೂರತ್‌ನವನು ಹಿಡಿದ. ಅವನ ನೆರೆಯವನು ಕೆಲವೇ ಪಾಳಿಯಲ್ಲಿ ಮುಗಿದುಹೋದ. ಇನ್ನೊಂದು ಪಂದ್ಯ ತೆರೆದೆವು, ನಾಗಪುರದ ಆಟಗಾರ್ತಿ: ಬಾವಿ. ಮೈಸೂರಿನವನು: ಬಾವಿ. ಬಾವಿ ಹಿಡಿದವರ ಕುರಿ ಬೆಳೆದವು, ಬಾವಿ ಕಳೆದುಕೊಂಡವರು ಆಟ ಮುಚ್ಚಿ ಹೋದರು. ಮೊದಲ ಕಾಳಗವೇ ಕೊನೆಯದೂ ಆಯಿತು. ಗಡುವಿನ ಮಾತು ಬಂದದ್ದು ಆಮೇಲೆ.

ನನಗೆ ತಿಳಿಯದೇ ಹೋದದ್ದು, ಇಷ್ಟು ದೊಡ್ಡ ಬಾಗಿಲು ತೆರೆದಿರುವುದು ತಿಂಗಳುಗಟ್ಟಲೆ ನಡೆದ ಪರೀಕ್ಷೆಯಲ್ಲಿ ಹೇಗೆ ಕಾಣಲಿಲ್ಲ ಎನ್ನುವುದು. ಹಳೆಯ ಪಂದ್ಯಗಳ ದಾಖಲೆ ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಕುಳಿತು ನೋಡಿದೆ. ಕುರಿ ಹಿಡಿದಿದ್ದಾರೆ, ಹೊಲ ಹಿಡಿದಿದ್ದಾರೆ, ಆಳು ಒಡೆದುಕೊಂಡು ಹೋಗಿದ್ದಾರೆ, ಸುಳ್ಳು ಸಂಧಿ ಮಾಡಿದ್ದಾರೆ. ಬಾವಿ ಮಾತ್ರ ಯಾರೂ ಮುಟ್ಟಿಲ್ಲ. ಯಾವ ಪಂದ್ಯದಲ್ಲೂ ಇಲ್ಲ.

ಬೀರಪ್ಪನನ್ನು ಕೇಳಿದೆ. ನಿಯಮ ಗೊತ್ತಿರಲಿಲ್ಲವೇ?

“ಗೊತ್ತಿತ್ರಿ. ಓದೇನಲ್ಲ.”

“ಮತ್ತ ಯಾಕ ಮಾಡ್ಲಿಲ್ಲ?”

“ಬಾವಿ ಹೆಂಗ ಹಿಡಿಯೂದ್ರಿ?” ಅವನಿಗೆ ನನ್ನ ಪ್ರಶ್ನೆಯೇ ಸರಿ ಕಾಣಲಿಲ್ಲ. “ನಮ್ಮ ದೊಡ್ಡಪ್ಪನ ಮನಿಯವ್ರ ಕೂಡ ನಮಗ ಮಾತಿಲ್ಲ, ನಾ ಸಣ್ಣಾಂವ ಇದ್ದಾಗಿಂದ. ಲಗ್ನಕ್ಕ ಕರಿಯೂದಿಲ್ಲ, ಮಣ್ಣಿಗಿ ಹೋಗೂದಿಲ್ಲ. ಆದ್ರ ಬಾವಿ ಒಂದ ಐತಿ. ಅವ್ರ ಪಾಳಿ ಬಂತಂದ್ರ ನಮ್ಮಪ್ಪ ಮೋಟರ ಬಂದ ಮಾಡಿ ಬರ್ತಾನ. ಮಾತ ನಿಲ್ಲಿಸೇವಿ, ನೀರ ನಿಲ್ಲಿಸಿಲ್ಲ.”

ಸವಿತಾ ನಕ್ಕಳು. “ಭಾಳ ದೇವ್ರಂಥಾ ಮಂದಿ ಅದೀವಿ ಅಂತ ಬರಕೋಬ್ಯಾಡ್ರಿ ಅಕ್ಕಾರ. ನಮ್ಮೂರಾಗ ಪೈಪ್ ಒಡದವ್ರೂ ಅದಾರ. ಆದ್ರ ಅವ್ರ ಹೆಸರ ಊರಿಗೆಲ್ಲಾ ಗೊತ್ತೈತಿ. ಇಲ್ಲಿ ಬೀರಣ್ಣನ ಬಾವಿ ಹಿಡದ್ರ ಮಧ್ಯಾಹ್ನ ಅವನ ಡಬ್ಬಿ ಚಟ್ನಿಗಿ ಹೆಂಗ ಕೈ ಚಾಚಲಿ?”

“ಚಟ್ನಿ ಸಲುವಾಗಿ ಬಿಟ್ಟಾಳ್ರಿ, ನನ್ನ ಸಲುವಾಗಿ ಅಲ್ಲ,” ಎಂದ ಬೀರಪ್ಪ.

ಸವಿತಾಳ ಮಾತಿನಲ್ಲಿ ಉತ್ತರವಿತ್ತು. ಪರೀಕ್ಷೆಗೆ ಕೂತವರೆಲ್ಲ ಒಬ್ಬರಿಗೊಬ್ಬರು ಗುರುತಿನವರು. ಪಂದ್ಯ ಮುಗಿದ ಮೇಲೆ ಮುಖ ನೋಡಬೇಕಾದವರು. ಅಥಣಿಯ ಮಾವನ ಮಗ ಕಾಗವಾಡದ ಅತ್ತೆಯ ಮಗಳ ಬಾವಿ ಹಿಡಿದರೆ ಮುಂದಿನ ಹಬ್ಬದಲ್ಲಿ ಅದೇ ಮಾತು ನಡೆಯುತ್ತದೆ. ಬಾಟ್‌ಗಳು ಹಿಡಿಯಬೇಕಿತ್ತಲ್ಲ ಎಂದರೆ, ಅವನ್ನು ನಾವು ಇದೇ ಟೆಸ್ಟರ್‌ಗಳ ಆಟ ನೋಡಿ ಬರೆದಿದ್ದೆವು. ಅವಕ್ಕೂ ನಮ್ಮ ಸಂಕೋಚವೇ ಬಂದಿತ್ತು.

ಬಾವಿಯ ನಿಯಮ ಬರೆದವರು ಮಹಾಂತೇಶ. ಅವರ ಆಟಗಳ ದಾಖಲೆಯಲ್ಲೂ ಬಾವಿ ಇರಲಿಲ್ಲ. ಅದನ್ನು ಅವರ ಮುಂದಿಟ್ಟೆ.

“ಬರಿಯೂವಾಗ ಬರದೆ, ಅಕ್ಕಾರ,” ಎಂದರು. “ಆಡೂವಾಗ ಕೈ ಹೋಗ್ಲಿಲ್ಲ. ಹೋಗ್ಲಿಲ್ಲ ಅನ್ನೂದೂ ಗೊತ್ತಾಗ್ಲಿಲ್ಲ.”

ಬಾವಿಯ ನಿಯಮ ತೆಗೆದುಹಾಕಿ ಎಂದು ಅನಘಾ ಮೇಡಂ ಫೋನಿನಲ್ಲಿ ಹೇಳಿದರು. ಸುಲಭದ ಕೆಲಸ, ಒಂದು ದಿನದಲ್ಲಿ ತೆಗೆದೆವು. ಮರುವಾರ ಆಟಗಾರರು ನೆರೆಯವರ ಮೇವಿನ ಬಣಿವೆಗೆ ಬೆಂಕಿ ಇಡತೊಡಗಿದರು. ಬಣಿವೆಗೆ ಬೇಲಿ ಹಾಕಿದೆವು. ಅವರು ನೆರೆಯವರ ದಾರಿ ಕಟ್ಟಿದರು. ಒಂದನ್ನು ಮುಚ್ಚಿದರೆ ಇನ್ನೊಂದು ತೂತು ಸಿಗುತ್ತಿತ್ತು. ಸೋತವರು ಹಿಂದಿನಂತೆಯೇ ಬಿಟ್ಟು ಹೋಗುತ್ತಿದ್ದರು. ಸಂಕ್ರಾಂತಿ ಬಂತು. ಮಹಾಂತೇಶ ತಮ್ಮ ಹಳೆಯ ಕಂಪನಿಯವರ ಜೊತೆ ಕೆಲಸದ ಮಾತು ಆಡಿದ್ದು ನನಗೆ ಗೊತ್ತಿತ್ತು. ಅವರು ಅದನ್ನು ಮುಚ್ಚಿಡಲೂ ಇಲ್ಲ. “ನಿಮ್ಮ ಮೂರೂ ಮಂದಿಗೆ ಏನರೆ ವ್ಯವಸ್ಥಾ ಆಗೂತನಕ ಇಲ್ಲೇ ಇರ್ತೀನಿ,” ಎಂದಿದ್ದರು. ಸವಿತಾಳ ಮನೆಯಲ್ಲಿ ಕೆಲಸ ಹೋದರೆ ಮುಂದಿನ ಮಾತು ಲಗ್ನದ್ದೇ ಎಂದು ಆಗಲೇ ಹೇಳಿಟ್ಟಿದ್ದರು.

ಆ ದಿನಗಳಲ್ಲೇ ಒಮ್ಮೆ ಬೀರಪ್ಪ ಅರ್ಧ ದಿನ ರಜೆ ಹಾಕಿ ಊಟದ ಹೊತ್ತಿಗೆ ಬಂದ. ಅಂಗಿಗೆಲ್ಲ ಉಣ್ಣೆ ಅಂಟಿತ್ತು. ನಾವು ಮೂವರೂ ಡಬ್ಬಿ ಬಿಚ್ಚಿ ಕೂತಿದ್ದೆವು.

“ಬರ್ರಿ ಸಾವಕಾರ,” ಎಂದಳು ಸವಿತಾ. “ಎಲ್ಲಿ ಆಸ್ತಿ ನೋಡಾಕ ಹೋಗಿದ್ರಿ?”

“ಅಕ್ಕೋಳಕ್ಕ. ಮರಿ ತರಾಕ.”

“ಅಕ್ಕೋಳದಾಗ ನಿಂದೇನ ಐತೋ?”

“ನಮ್ಮ ಕುರಿ ಅದಾವ. ಪಾಲಿಗಿ ಕೊಟ್ಟೇವಿ.”

ನನಗೆ ಪೂರ್ತಿ ತಿಳಿದಿರಲಿಲ್ಲ, ಹೇಳು ಎಂದೆ. ಅವನು ರೊಟ್ಟಿ ಮುರಿಯುತ್ತಲೇ ಹೇಳಿದ. ಮನೆಯವರು ಮೇಯಿಸಲು ಆಗುವುದಕ್ಕಿಂತ ಹಿಂಡು ಹೆಚ್ಚಾದರೆ ಹೆಚ್ಚಿನ ಹೆಣ್ಣು ಕುರಿಗಳನ್ನು ಬೇರೆ ಮನೆಗೆ ಪಾಲಿಗೆ ಕೊಡುತ್ತಾರೆ. ಅವರು ಮೇಯಿಸುತ್ತಾರೆ. ಹುಟ್ಟಿದ ಮರಿಯಲ್ಲಿ ಅರ್ಧ ಮೇಯಿಸಿದವರದು, ಅರ್ಧ ಕುರಿಯವರದು. ತಾಯಿಕುರಿ ಕುರಿಯವರದೇ.

“ಅವ್ರ ನಿಮಗ ಬೀಗರೇನು?” ಎಂದೆ.

“ಎಲ್ಲಿ ಬೀಗರ್ರಿ. ಹ್ವಾದ ವರ್ಷ ಸಂತ್ಯಾಗ ನಮ್ಮ ಕಾಕಾಗ ಅವರಿಗೆ ಕಾಲಾಗಿನ ಚಪ್ಪಲಿ ಕೈಗೆ ಬರೂ ಹಂಗ ಜಗಳ ಆಗಿತ್ತು. ಪೊಲೀಸ್ ಬಂದ ಬಿಡಿಸ್ಯಾರ.”

“ಆಮೇಲೆ?”

“ಆಮ್ಯಾಲ ಏನೂ ಇಲ್ರಿ. ಕುರಿ ಅಲ್ಲೇ ಇದ್ದುವು.”

“ಜಗಳ ಆದ್ರ ಅವ್ರಿಗೆ ಏನೂ ಮಾಡೂದಿಲ್ಲ ನೀವು?”

“ಮಾಡ್ತೀವ್ರಿ. ಬೈತೀವಿ, ಸಂತ್ಯಾಗ ಅವ್ರ ಮಾಲಿಗೆ ಕಲ್ಲ ಹಾಕ್ತೀವಿ. ಬಣಿವಿಗೆ ಬೆಂಕಿ ಅಷ್ಟ ಹಚ್ಚೂದಿಲ್ಲ.” ಒಂದು ತುತ್ತು ನುಂಗಿ ಮುಂದುವರಿಸಿದ. “ನಮ್ಮ ಕುರಿನೂ ಅದನ್ನ ತಿಂತಾವಲ್ರಿ.”

ಮಹಾಂತೇಶ ಊಟ ಬಿಟ್ಟು ಕೈ ತೊಳೆದರು. ಅವರ ಡಬ್ಬಿಯಲ್ಲಿ ಉಳಿದದ್ದನ್ನು ಸವಿತಾ ಖಾಲಿ ಮಾಡಿದಳು. ಸಂಜೆಯ ಹೊತ್ತಿಗೆ ಹೊಸ ನಿಯಮದ ಕರಡು ಸಿದ್ಧವಾಯಿತು.

ನಿಯಮ ಇದು. ಒಂದು ದೊಡ್ಡಿಯಲ್ಲಿ ಇಂತಿಷ್ಟೇ ಕುರಿ. ಹೆಚ್ಚಾದವು ಬಡಕಲಾಗುತ್ತವೆ, ಗೊಬ್ಬರ ಕೊಡುವುದಿಲ್ಲ. ಆದ್ದರಿಂದ ಗೆದ್ದವರು ಹೆಚ್ಚಿನ ಕುರಿಯನ್ನು ಬೇರೊಬ್ಬ ಆಟಗಾರರ ದೊಡ್ಡಿಗೆ ಪಾಲಿಗೆ ಕೊಡಬೇಕು. ಜಾಗ ಖಾಲಿ ಇರುವುದು ಸೋತವರ ದೊಡ್ಡಿಯಲ್ಲೇ. ಮರಿಯಲ್ಲಿ ಅರ್ಧರ್ಧ. ಗೊಬ್ಬರವೆಲ್ಲ ಮೇಯಿಸಿದವರ ಹೊಲಕ್ಕೆ. ಒಂದು ಸಲ ಮರಿ ಹಾಕುವವರೆಗೆ ಕುರಿ ಹಿಂದಕ್ಕೆ ಕರೆಯುವಂತಿಲ್ಲ. ಬಾವಿ, ಬಣಿವೆ, ದಾರಿ ಎಲ್ಲವನ್ನೂ ಹಿಡಿಯುವ ನಿಯಮಗಳನ್ನು ಮರಳಿ ಸೇರಿಸಿದೆವು. ಹಿಡಿಯಬೇಕೆನ್ನುವವರು ಹಿಡಿಯಲಿ. ಅಲ್ಲಿ ಮೇಯುತ್ತಿರುವ ತಮ್ಮ ಕುರಿಯೂ ಸಾಯುತ್ತವೆ.

ಗೆಲುವು ಮರಿ ಹಾಕುವುದು ನಿಲ್ಲಲಿಲ್ಲ. ಆ ಮರಿಗಳಲ್ಲಿ ಅರ್ಧ ಸೋತವರ ದೊಡ್ಡಿಯಲ್ಲಿ ಬೀಳತೊಡಗಿದವು. ಅವು ದಾನವಾಗಿರಲಿಲ್ಲ, ಮೇಯಿಸಿ ಗಳಿಸಿದವು.

ಸರಿಹೋಯಿತು ಎಂದುಕೊಂಡರೆ ತಪ್ಪು. ದೊಡ್ಡಿಯ ಮಿತಿ ಹೆಚ್ಚಿಟ್ಟರೆ ಯಾರೂ ಪಾಲಿಗೆ ಕೊಡುತ್ತಿರಲಿಲ್ಲ. ಕಡಿಮೆ ಮಾಡಿದರೆ ಎಲ್ಲರೂ ಕೊಡುತ್ತಿದ್ದರು. ಸವಿತಾ ಒಂದೂ ಕಾಳಗ ಆಡದೆ, ಏಳು ಮನೆಯ ಕುರಿಯನ್ನೂ ಪಾಲಿಗೆ ಹಿಡಿದು, ಅವುಗಳ ಗೊಬ್ಬರದಲ್ಲಿ ಬೆಳೆ ತೆಗೆದು ಗೆದ್ದಳು. ಅಂದರೆ ಮರಿ ಹಾಕುವ ಜಾಗ ಬದಲಾಗಿತ್ತು ಅಷ್ಟೆ.

“ನಮ್ಮ ಮನ್ಯಾಗ ಹಿಂಗ ಹಿಡಿಯೂದಿಲ್ಲ,” ಎಂದ ಬೀರಪ್ಪ. “ಒಬ್ಬರ ಕುರಿ ಇದ್ದಾಗ ಇನ್ನೊಬ್ಬರದು ಹಿಡದ್ರ ಮರಿ ಕಲತು ಹೋಗ್ತಾವ. ಯಾರದು ಯಾವುದು ಅಂತ ಜಗಳ ಹತ್ತತಾವ.”

“ಈಗ ಹೇಳ್ತಿಯಲ್ಲೋ, ನಾ ಗೆದ್ದ ಮ್ಯಾಲ,” ಎಂದಳು ಸವಿತಾ.

ಒಂದು ದೊಡ್ಡಿಗೆ ಒಬ್ಬರ ಪಾಲು ಮಾತ್ರ ಎಂದಾಯಿತು. ಆಮೇಲೆ ಇನ್ನೊಂದು ಕಂಡಿತು: ಪಾಲಿಗೆ ಹಿಡಿದವರು ಕುರಿಯನ್ನು ಕೊಯ್ದು ಆಳಿಗೆ ಉಣಿಸಿ, ಸತ್ತುಹೋಯಿತು ಎನ್ನುತ್ತಿದ್ದರು. ಇದರಲ್ಲೂ ಸವಿತಾಳೇ ಮುಂದು.

“ತೊಗಲ ಎಲ್ಲಿ?” ಎಂದು ಬೀರಪ್ಪ ಕೇಳಿದ.

“ಯಾವ ತೊಗಲೋ?”

“ಪಾಲಿನ ಕುರಿ ಸತ್ರ ತೊಗಲ ತಂದ ತೋರಸಬೇಕು. ಸುಲದ ತೊಗಲ ನೋಡಿದ್ರ ಕೊಯ್ದದ್ದೋ ಸತ್ತದ್ದೋ ಗೊತ್ತಾಗತೈತಿ. ತೊಗಲಿಲ್ಲ ಅಂದ್ರ ತಿಂದಿ ಅಂತನ ಅರ್ಥ.”

ಆಟದಲ್ಲಿ ತೊಗಲು ಬಂತು. ಪಾಲಿನ ಕುರಿ ಸತ್ತರೆ ಕೊಟ್ಟವರ ದೊಡ್ಡಿಯ ಬಾಗಿಲಿಗೆ ಒಂದು ತೊಗಲು ತಲುಪುತ್ತದೆ. ರೋಗದಿಂದ ಸತ್ತದ್ದಾದರೆ ಇಡಿಯಾಗಿ, ಕೊಯ್ದದ್ದಾದರೆ ಕುತ್ತಿಗೆಯಲ್ಲಿ ಕೊಯ್ತ. ಅಷ್ಟೇ, ಶಿಕ್ಷೆ ಏನೂ ಇಲ್ಲ. ಪ್ರಯೋಗಕ್ಕೆಂದು ಕೆಲವು ದಿನ ಇದನ್ನು ಹೊರಗಿನ ಆಟಗಾರರಿಗೆ ತೆರೆದಾಗ, ಕೊಯ್ತ ಕಂಡವರು ಮುಂದೆ ಆ ಆಟಗಾರರಿಗೆ ಪಾಲು ಕೊಡುತ್ತಿರಲಿಲ್ಲ. ಇಡೀ ತೊಗಲು ಕಳಿಸುವಾಗ ಕೆಲವರು ಜೊತೆಗೆ ಎರಡು ಸಾಲು ಬರೆಯತೊಡಗಿದರು: ಬಹಳ ಯತ್ನ ಮಾಡಿದೆ, ಉಳಿಯಲಿಲ್ಲ. ಬರೆದವರು ಎಂದೂ ಕುರಿ ಮೇಯಿಸಿದವರಲ್ಲ, ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಬರೆಯಿರಿ ಎಂದು ಆಟ ಎಲ್ಲೂ ಕೇಳಿರಲಿಲ್ಲ. ಅದು ಯಾಕೆ ನಡೆಯಿತೆಂದು ನಾನು ಈಗಲೂ ಸರಿಯಾಗಿ ಹೇಳಲಾರೆ.

ಪರೀಕ್ಷೆಯ ಕ್ರಮವನ್ನು ಆ ಚಳಿಗಾಲದಲ್ಲಿ ಪೂರ್ತಿ ಬದಲಿಸಿದೆವು. ಹೊಸಬರು ಇದನ್ನು ಗಮನಿಸಬೇಕು. ಒಂದು, ಒಟ್ಟಿಗೆ ಊಟ ಮಾಡುವವರನ್ನು ಒಬ್ಬರಿಗೊಬ್ಬರ ಗುರುತು ಸಿಗುವಂತೆ ಒಂದೇ ಪಂದ್ಯದಲ್ಲಿ ಕೂರಿಸಲಿಲ್ಲ. ಹೆಸರು ಮರೆಮಾಡಿ ದೂರದ ಊರಿನ ಅಪರಿಚಿತರ ಜೊತೆ ಬೆರೆಸಿ ಬಿಟ್ಟೆವು. ಹೆಸರಿಲ್ಲದ ಮೇಲೆ ಸವಿತಾ ಮೊದಲ ದಿನವೇ ಬೀರಪ್ಪನ ಬಾವಿ ಹಿಡಿದಳು, ಅವನದೆಂದು ಗೊತ್ತಿಲ್ಲದೆ. ಎರಡು, ಬಾಟ್‌ಗಳನ್ನು ನಮ್ಮ ಆಟ ನೋಡಿ ಬರೆಯುವುದು ಬಿಟ್ಟು, ನಿಯಮ ಮಾತ್ರ ಕೊಟ್ಟು ಓಡಿಸಿದೆವು. ಅವಕ್ಕೆ ನಾಚಿಕೆ ಇರಲಿಲ್ಲ, ನಮಗೆ ತೋಚದ ಕೇಡನ್ನೆಲ್ಲ ಮಾಡಿ ತೋರಿಸಿದವು.

ಯುಗಾದಿಗೆ ಮೊದಲು ಅನಘಾ ಮೇಡಂ ನಿಪ್ಪಾಣಿಗೆ ಬಂದರು. ವಿವರಣೆ ಬೇಡ, ಆಡಿ ನೋಡುತ್ತೇನೆ ಎಂದರು. ಮೊದಲ ಕಾಳಗದಲ್ಲಿ ಸೋತರು. ಅವರ ದೊಡ್ಡಿ ಖಾಲಿ. ಮುಂದಿನ ಪಾಳಿಯಲ್ಲಿ ಗೆದ್ದವರ ಕಡೆಯಿಂದ ಕುರಿ ಪಾಲಿಗೆ ಬಂದವು. ಅವರು ಕುರಿಗಳನ್ನು ಎಣಿಸಿದರು.

“ಹೀ ತರ ಅರ್ಧೇಲೀ ಆಹೇ ಕೀ,” ಎಂದರು ಮರಾಠಿಯಲ್ಲಿ. ಇದು ಅರ್ಧ ಪಾಲಿನ ಪದ್ಧತಿಯಲ್ಲವೇ ಎಂದು. ಅವರ ಅಜ್ಜಿಯ ಊರಿನಲ್ಲಿ ಆಡು ಹೀಗೆ ಕೊಡುತ್ತಿದ್ದರಂತೆ. ಆದರೆ ಅವರು ಕರಗುವವರಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಆ ಪ್ರಯೋಗದ ದಿನಗಳಲ್ಲಿ ಪಾಲಿನ ನಿಯಮದಲ್ಲಿ ಆಡಿ ಗೆದ್ದ ಆಟಗಾರರು ಕಳಿಸಿದ ದೂರುಗಳನ್ನು ಓದಿದರು. ಗೆದ್ದ ಮೇಲೂ ಸೋತವರ ಬಾವಿ ಕಾಯಬೇಕೇ? ನನ್ನ ಕುರಿ ನನ್ನ ಹತ್ತಿರ ಇರದಿದ್ದರೆ ಗೆದ್ದು ಏನು ಬಂತು?

“ಇವರೂ ಬಿಟ್ಟು ಹೋಗುತ್ತಾರೆ,” ಎಂದರು. “ಸೋತವರನ್ನು ಉಳಿಸಲು ಹೋಗಿ ಗೆದ್ದವರನ್ನು ಕಳೆದುಕೊಂಡರೆ?”

ಆಡಿಸಿ ನೋಡದೆ ಅದನ್ನು ಹೇಳಲು ಬರುವುದಿಲ್ಲ ಎಂದು ಮಹಾಂತೇಶ ಹೇಳಿದರು. ಕೊನೆಗೆ ಮೇಡಂ ಒಂದು ತೀರ್ಮಾನ ಮಾಡಿದರು. ಎರಡು ಸರ್ವರ್ ನಡೆಯಲಿ. ಒಂದರಲ್ಲಿ ಪಾಲಿನ ನಿಯಮ, ಇನ್ನೊಂದರಲ್ಲಿ ಇಲ್ಲ. ಆಟಗಾರರು ಬೇಕಾದ್ದನ್ನು ಆರಿಸಿಕೊಳ್ಳಲಿ. ದೀಪಾವಳಿಗೆ ಬಂದು ನೋಡುತ್ತೇನೆ. ಉಳಿಯುವಂಥದ್ದು ಉಳಿಯುತ್ತದೆ, ಎರಡೂ ಬರಿದಾದರೆ ಎರಡೂ ನಿಲ್ಲುತ್ತವೆ.

ಮೊದಲ ತಿಂಗಳು ಪಾಲಿಲ್ಲದ ಸರ್ವರ್‌ನಲ್ಲೇ ಜನ ಹೆಚ್ಚು. ಹೆಸರಾದ ಆಟಗಾರರೆಲ್ಲ ಅಲ್ಲಿಗೇ ಹೋದರು. ಬೀರಪ್ಪ ದಿನಾ ಎರಡೂ ಕಡೆ ತೆರೆದು ನೋಡಿ, “ಸಂತಿ ಅಲ್ಲೇ ಕೂಡೈತ್ರಿ,” ಎನ್ನುತ್ತಿದ್ದ. ಮಹಾಂತೇಶ ಹಳೆಯ ಕಂಪನಿಗೆ ಕೊಡಬೇಕಿದ್ದ ಉತ್ತರವನ್ನು ಮುಂದೂಡುತ್ತ ಬಂದರು. ಮೇ ಕೊನೆಗೆ ನನಗೆ ಅರವತ್ತು ತುಂಬಿತು. ಬೀಳ್ಕೊಡುವ ದಿನ ಸವಿತಾ, “ದೀಪಾವಳಿಗೆ ಫೋನ್ ಮಾಡ್ತೀನ್ರಿ ಅಕ್ಕಾರ. ಮಾಡ್ಲಿಲ್ಲಂದ್ರ ಲಗ್ನದ ಕಾರ್ಡ್ ಬರತೈತಿ,” ಎಂದಳು.

ಅವಳು ಫೋನ್ ಮಾಡಿದ್ದು 2025ರ ದೀಪಾವಳಿಯ ಹಿಂದಿನ ವಾರ, ಕಚೇರಿಯಿಂದಲೇ. ಅನಘಾ ಮೇಡಂ ಬಂದು ಹೋಗಿದ್ದರು. ಪಾಲಿನ ಸರ್ವರ್ ಮುಂದಿನ ವರ್ಷಕ್ಕೂ ನಡೆಯುತ್ತದೆ. ಸೋತವರು ಒಬ್ಬೊಬ್ಬರಾಗಿ ಬಿಟ್ಟು ಹೋಗಿ ಬರಿದಾಗಿದ್ದ ಇನ್ನೊಂದನ್ನು ಅಂದೇ ಮಧ್ಯಾಹ್ನ ನಿಲ್ಲಿಸಿದರು. ನಿಲ್ಲಿಸುವಾಗ ಅದರಲ್ಲಿ ಒಂದೇ ಪಂದ್ಯ ತೆರೆದಿತ್ತು. ಒಬ್ಬ ಆಟಗಾರ ಇದ್ದ. ಎಂಟೂ ದೊಡ್ಡಿ ಅವನವೇ ಆಗಿದ್ದವು.